ಕಂಪ್ಯೂಟರ್ ನಮ್ಮ ಮನ್ಯಾಗ, ಕೀಲಿ ಯಾರ ಕೈಯಾಗ?

ಮನೋಳಿಯಿಂದ ಮಾತಾಡಾಕತ್ತೀನಿ. ಇವತ್ತಿನ ವಿಷಯ ಕ್ಲೌಡ್ ಕಂಪ್ಯೂಟರ್. ಅಂದ್ರೆ ಪರದೆ ಮತ್ತು ಕೀಬೋರ್ಡ್ ನಿಮ್ಮ ಮನೆಯಲ್ಲಿ. ಆಪರೇಟಿಂಗ್ ಸಿಸ್ಟಮ್ ಮತ್ತು ಫೈಲು ಕಂಪನಿಯ ಸರ್ವರ್‌ನಲ್ಲಿ.

ಇದು ದೂರದ ಮಾತಲ್ಲ. 2011ರಲ್ಲಿ ಕ್ರೋಮ್‌ಬುಕ್ ಮಾರಾಟಕ್ಕೆ ಬಂತು. 2021ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 365 ತಂತು. 2025ರ ಜುಲೈನಲ್ಲಿ ಜಿಯೋಪಿಸಿ ಬಂತು: ಟಿವಿ, ಜಿಯೋ ಸೆಟ್‌ಟಾಪ್ ಬಾಕ್ಸ್, ಕೀಬೋರ್ಡ್, ಮೌಸ್ ಇದ್ರೆ ಆಯ್ತು. ಒಮ್ಮೆಲೇ ಮೂವತ್ತು-ನಲವತ್ತು ಸಾವಿರ ಹಾಕಲಾಗದ ಮನೆಗೆ ತಿಂಗಳ ಬಾಡಿಗೆಯ ಕಂಪ್ಯೂಟರ್ ದೊಡ್ಡ ಅನುಕೂಲ. ಬಿ.ಕಾಂ ಓದಿದವನಾಗಿ ಆ ಲೆಕ್ಕ ನನಗೂ ಒಪ್ಪಿಗೆ ಆಗ್ತದ.

ಆದ್ರೆ ಲೆಕ್ಕದ ಇನ್ನೊಂದು ಬದಿ ನೋಡ್ರಿ. ಸ್ವಂತ ಬಾವಿ ತೋಡಾಕ ಖರ್ಚು ಜಾಸ್ತಿ. ಕಾಲುವೆ ನೀರು ಅಗ್ಗ. ಆದ್ರೆ ಕಾಲುವೆಗೆ ನೀರು ಯಾವಾಗ ಬಿಡಬೇಕು ಅನ್ನೋದು ನಿಮ್ಮ ಹೊಲದಾಗ ತೀರ್ಮಾನ ಆಗಲ್ಲ, ನವಿಲುತೀರ್ಥದ ಗೇಟಿನ ಹತ್ತಿರ ಆಗ್ತದ. ಕ್ಲೌಡ್ ಕೂಡ ಹಂಗ.

ಆ ಗೇಟು ಮುಚ್ಚಿದ್ದು ಹೆಂಗಿರ್ತದ ಅಂತ 2025ರ ಜುಲೈನಲ್ಲೇ ದೇಶ ನೋಡ್ತು. ರಷ್ಯಾದ ರೋಸ್ನೆಫ್ಟ್ ಪಾಲಿರುವ ನಯಾರಾ ಎನರ್ಜಿ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸ್ತು. ಪೂರ್ತಿ ದುಡ್ಡು ಕೊಟ್ಟ ಲೈಸೆನ್ಸ್, ನಮ್ಮದೇ ಡೇಟಾ, ನಮಗೇ ಸಿಗವಲ್ದು ಅಂತ ನಯಾರಾ ದಿಲ್ಲಿ ಹೈಕೋರ್ಟಿಗೆ ಹೋಯ್ತು. ಆಮೇಲೆ ಸೇವೆ ವಾಪಸ್ ಬಂತು. ಅಷ್ಟು ದೊಡ್ಡ ಕಂಪನಿಗೆ ವಕೀಲರಿದ್ರು. ಪಟ್ಟಣದ ಕಿರಾಣಿ ಅಂಗಡಿಯವರ ಖಾತೆ ಲಾಕ್ ಆದ್ರೆ ಯಾರ ಬಾಗಿಲು ಬಡೀಬೇಕ್ರಿ?

ಹಂಗಂತ ಸರ್ವರನ್ನ ನಂಬಲೇಬಾರದು ಅಂತಲ್ಲ. ನಮ್ಮ ರಾಜ್ಯದಲ್ಲೇ ಒಳ್ಳೆ ಪಾಠ ಅದ: ಭೂಮಿ ಯೋಜನೆ. ಊರಲ್ಲಿ ಕೈಯಿಂದ ಬರೀತಿದ್ದ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರ್ ಸೇರಿದವು. ರೈತರು ನಂಬಲಿ ಅಂತ ಜಾಹೀರಾತು ಕೊಟ್ಟು ಸುಮ್ಮನಾಗ್ಲಿಲ್ಲ. ಕೌಂಟರ್‌ನಲ್ಲಿ ಎರಡನೇ ಪರದೆಯನ್ನು ರೈತನ ಕಡೆ ತಿರುಗಿಸಿ ಇಟ್ರು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗ ಹೋಗಬೇಕು. ಯಾರು ತಿದ್ದಿದ್ರು ಅನ್ನೋದು ದಾಖಲಾಗಬೇಕು. ಅಲ್ಲೂ 'ಸರ್ವರ್ ಇಲ್ರಿ' ಅನ್ನೋ ಕಾಟ ತಪ್ಪಲಿಲ್ಲ, ಖರೆ. ಆದ್ರೆ ನಂಬಿಕೆ ಅಂದ್ರೆ ಏನು ಅಂತ ಆ ತಿರುಗಿಸಿದ ಪರದೆ ಹೇಳ್ತದ: ಒಳಗೆ ಏನು ನಡೀತದ ಅನ್ನೋದು ನನಗೂ ಕಾಣಬೇಕು.

ಹಂಗಾಗಿ ಕ್ಲೌಡ್ ಕಂಪ್ಯೂಟರ್ ತಗೊಳ್ಳೋ ಮುಂಚೆ ಮೂರು ಪ್ರಶ್ನೆ ಕೇಳ್ರಿ. ಒಂದು, ಬಾಡಿಗೆ ನಿಲ್ಲಿಸಿದ್ರೆ ನನ್ನ ಫೈಲು ಎಷ್ಟು ದಿನ ಉಳೀತಾವ? ಎರಡು, ಎಲ್ಲವನ್ನೂ ಬೇರೆ ಕಂಪ್ಯೂಟರಿನಲ್ಲೂ ತೆರೆಯೋ ರೂಪದಲ್ಲಿ ಇಳಿಸ್ಕೋಬಹುದಾ? ಮೂರು, ಖಾತೆ ಬಂದ್ ಆದ್ರೆ ಮಾತಾಡಾಕ ಮನುಷ್ಯರು ಸಿಗ್ತಾರಾ, ಬರೇ ಚಾಟ್‌ಬಾಟಾ?

ಉತ್ತರ ಸಿಕ್ಕರೆ ಧೈರ್ಯವಾಗಿ ಬಳಸ್ರಿ. ಸಿಗಲಿಲ್ಲ ಅಂದ್ರೂ ಬಳಸೋದು ಅನಿವಾರ್ಯ ಆಗಬಹುದು. ಆಗ ಮಾರ್ಕ್ಸ್‌ಕಾರ್ಡು, ಉತಾರ, ಅಂಗಡಿ ಲೆಕ್ಕ ಇವುಗಳ ಒಂದೊಂದು ಪ್ರತಿ ಪೆನ್‌ಡ್ರೈವ್‌ನಾಗ ಹಾಕಿ ತಿಜೋರಿಯಾಗ ಇಡ್ರಿ. ಕಾಲುವೆ ಬಂತಂತ ನಮ್ಮ ಹಿರಿಯರು ಬಾವಿ ಮುಚ್ಚಲಿಲ್ಲ.

ಮುಂದಿನ ಕಂತಿನಲ್ಲಿ ಸಿಗೋಣ್ರಿ.