ವಿಮಾನಕ್ಕೆ ಎತ್ತರದ ಅಪ್ಪಣೆ

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಶ್ರೋತೃಗಳಿಗೆ ಬಜ್ಪೆಗೆ ಬರುವ ವಿಮಾನದ ಸದ್ದು ಹೊಸತಲ್ಲ. ಆದರೆ ಆ ವಿಮಾನವು ಮನಬಂದಂತೆ ಇಳಿಯುವುದಿಲ್ಲವೆಂಬುದನ್ನು ಬಲ್ಲವರು ಕಡಮೆ. ಇಂತಿಷ್ಟು ಅಡಿಗೆ ಇಳಿಯಬಹುದೆಂದು ನಿಯಂತ್ರಣಾಧಿಕಾರಿಯು ರೇಡಿಯೋ ಮೂಲಕ ಅಪ್ಪಣೆ ಕೊಡಬೇಕು. ಚಾಲಕನು ಆ ಅಂಕಿಯನ್ನು ಮರಳಿ ನುಡಿಯಬೇಕು. ಅಧಿಕಾರಿಯು ಅದನ್ನು ಕಿವಿಗೊಟ್ಟು ಕೇಳಬೇಕು. ಮರಳಿ ನುಡಿದರೆ ಸಾಲದು, ಅಲ್ಲಿಯೇ ನಿಲ್ಲಲೂ ಬೇಕು. 1996ರ ನವೆಂಬರ್ 12ರಂದು ಚರ್ಖಿ ದಾದ್ರಿಯ ಮೇಲೆ, 15,000 ಅಡಿಗೆ ಅಪ್ಪಣೆ ಪಡೆದ ವಿಮಾನವೊಂದು ಅದಕ್ಕಿಂತ ಕೆಳಗಿಳಿದು, 14,000 ಅಡಿಯಲ್ಲಿದ್ದ ಮತ್ತೊಂದಕ್ಕೆ ಬಡಿಯಿತು. ಎರಡರಲ್ಲಿದ್ದ 349 ಮಂದಿಯೂ ಅಳಿದರು.

ಈ ಅಡಿಗಳ ಎಣಿಕೆ ನಿಲ್ದಾಣಗಳ ಸಮೀಪದಲ್ಲಿ ಸಮುದ್ರಮಟ್ಟದಿಂದ, ಕಾಲ ಕೆಳಗಣ ನೆಲದಿಂದಲ್ಲ. ಬಜ್ಪೆಯ ನಿಲ್ದಾಣವೇ 300 ಅಡಿಗೂ ಮೇಲಿದೆ. ಬೆಳ್ತಂಗಡಿಯ ಬಡಗಣ ದಿಕ್ಕಿನ ಕುದುರೆಮುಖವು 6,200 ಅಡಿಯನ್ನು ಮೀರಿದೆ. ಬೆಟ್ಟಗಳನ್ನೂ ಬೇರೆ ವಿಮಾನಗಳನ್ನೂ ನೋಡಿಕೊಂಡೇ ಅಧಿಕಾರಿಯು ಅಂಕಿಯನ್ನು ಹೇಳುತ್ತಾನೆ. ದಾರಿ ತೆರವಾಗಿದೆಯೆಂಬುದಷ್ಟೇ ಅದರ ಅರ್ಥ. ಅಲ್ಲಿಂದ ಸುಖವಾಗಿ ನೆಲ ಮುಟ್ಟಬಹುದೆಂಬ ಭರವಸೆಯಲ್ಲ. ಈ ಭೇದವೇ ಮುಖ್ಯವಾದುದು.

2010ರ ಮೇ 22ರ ಬೆಳಗ್ಗೆ ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು 37,000 ಅಡಿಯಲ್ಲಿತ್ತು. 130 ನೌಕಾಮೈಲಿ ದೂರದಲ್ಲಿ ಇಳಿಯಲು ಅಪ್ಪಣೆ ಬೇಡಿತು. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಟ್ಟಿತ್ತು. ಕಣ್ಣಿಗೆ ಕಾಣದ ವಿಮಾನಗಳ ನಡುವೆ ಅಂತರ ಕಾಯಬೇಕಾದುದರಿಂದ ಅಪ್ಪಣೆ ಆಗ ದೊರೆಯಲಿಲ್ಲ. ವಿಮಾನವು ಇಳಿಯತೊಡಗಿದಾಗ ಉಳಿದ ದೂರ 77 ಮೈಲಿ. ಸಾಧಾರಣವಾಗಿ ಸಾವಿರ ಅಡಿ ಇಳಿಯಲು ಮೂರು ಮೈಲಿ ಬೇಕೆಂಬ ಲೆಕ್ಕದಲ್ಲಿ 37,000 ಅಡಿಗೆ 111 ಮೈಲಿಯಾಗುತ್ತದೆ. ಕೊರತೆ ಎಷ್ಟೆಂಬುದನ್ನು ಶ್ರೋತೃಗಳೇ ಕಳೆದು ನೋಡಬಹುದು.

ತಡವಾದ ಅಪ್ಪಣೆಯೇ ಅನಾಹುತಕ್ಕೆ ಕಾರಣವೆಂದರೆ ನ್ಯಾಯವಾಗದು. ಎತ್ತರ ಹೆಚ್ಚಾದಾಗ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಸುತ್ತಿಬರುವ ದಾರಿ ತೆರೆದೇ ಇತ್ತು. ಹಾಗೆ ನಿರ್ಧರಿಸಲು ಚಾಲಕನು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಸಹಚಾಲಕನು ಮೂರು ಸಲ ಹಾಗೆಂದೇ ಕೂಗಿ ಹೇಳಿದ್ದು ವಿಚಾರಣಾ ವರದಿಯಲ್ಲಿದೆ. ಮುಖ್ಯ ಚಾಲಕನು ಇಳಿಯುವುದನ್ನು ಬಿಡಲಿಲ್ಲ. 8,033 ಅಡಿ ಉದ್ದದ ಓಡುಹಾದಿಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಮುಂದೆ ಗುಡ್ಡದ ಅಂಚು. ಒಳಗಿದ್ದ 166 ಮಂದಿಯಲ್ಲಿ ಉಳಿದುಬಂದವರು ಎಂಟೇ ಜನ.