ಬೀದಿಯ ಹಾಡು, ಮನೆಯ ಮಾತು

ಗ್ರೈಮ್ ಅಂದರೆ ಗದ್ದಲ ಎಂದುಕೊಂಡಿದ್ದೀರಾ? ಹಾಗಾದರೆ ಪೂರ್ವ ಲಂಡನ್ನಿನ ಈಸ್ಟ್ ಹ್ಯಾಮಿನ ಕೇನೋ ಅವರನ್ನು ಒಮ್ಮೆ ಕೇಳಿ. 2000ರ ದಶಕದ ಆರಂಭದಲ್ಲಿ, ಪರವಾನಗಿಯಿಲ್ಲದ ರೇಡಿಯೋಗಳಲ್ಲಿ ಬೆಳೆದ ಸಂಗೀತವಿದು. ವೇಗದ ತಾಳ, ಪಟಪಟನೆ ಮಾತು, ಎದುರಾಳಿಗೆ ಸವಾಲು.

2005ರಲ್ಲಿ ಮೊದಲ ಆಲ್ಬಂ ತಂದ ಕೇನೋ, 2010ರ ನಂತರ ಆರು ವರ್ಷ ಹೊಸ ಆಲ್ಬಂ ಕೊಡಲಿಲ್ಲ. 2016ರ ಮಾರ್ಚಿನಲ್ಲಿ ಬಂದದ್ದು ಐದನೆಯದು, 'ಮೇಡ್ ಇನ್ ದ ಮ್ಯಾನರ್'. ಲಂಡನ್ನಿನ ಆಡುಮಾತಿನಲ್ಲಿ 'ಮ್ಯಾನರ್' ಎಂದರೆ ನಮ್ಮ ಏರಿಯಾ. ಇಲ್ಲಿ ಸವಾಲಿಗಿಂತ ನೆನಪೇ ಹೆಚ್ಚು: ಬೆಳೆದ ಬೀದಿ, ಮುರಿದುಬಿದ್ದ ಗೆಳೆತನ, ಒಡನಾಟವೇ ಇಲ್ಲದ ತಂಗಿ.

ವಿಮರ್ಶಕರು ಮೆಚ್ಚಿದ್ದು ಈ ಬಿಚ್ಚುಮನಸ್ಸನ್ನೇ. ಬ್ರಿಟನ್ನಿನ ಪಟ್ಟಿಯಲ್ಲಿ ಆಲ್ಬಂ 8ನೇ ಸ್ಥಾನಕ್ಕೇರಿತು. ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೂ ಸೇರಿತು. ಗೆದ್ದದ್ದು ಮಾತ್ರ ಗ್ರೈಮಿನದೇ ಇನ್ನೊಬ್ಬ ಹಿರಿಯ, ಸ್ಕೆಪ್ಟಾ. ಅದೇ ವರ್ಷದ ಮೋಬೋ ಆಲ್ಬಂ ಪ್ರಶಸ್ತಿ ಕೇನೋಗೆ ಸಂದಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ತನ್ನ ಕಥೆ ಹೇಳುವಾಗ ತಂಗಿಯ ಕಥೆಯೂ, ಗೆಳೆಯನ ಕಥೆಯೂ ಹೊರಬೀಳುತ್ತದೆ. ಅವರ ಪರವಾಗಿ ಮಾತಾಡುವವರು ಯಾರು? ಕೇನೋ ಇತರರಿಗಿಂತ ತನ್ನನ್ನೇ ಹೆಚ್ಚು ತರಾಟೆಗೆ ತೆಗೆದುಕೊಳ್ಳುತ್ತಾರೆ. ಹಾಡು ದೂರಾಗದೆ ಉಳಿದದ್ದು ಅದರಿಂದಲೇ. 'ಲಿಟಲ್ ಸಿಸ್' ಹಾಡಿನಿಂದ ಶುರುಮಾಡಿ, ನಿಮಗೇನನ್ನಿಸಿತು ಎಂದು ಯೋಚಿಸಿ. ಮತ್ತೆ ಸಿಗೋಣ.