ತಂಪು ಊರಿನ ಸೆಕೆ



ಬೆಂಗಳೂರು ತಂಪಾದ ಊರೆಂಬ ಮಾತನ್ನು ನಾವು ಹಿರಿಯರಿಂದ ಕೇಳುತ್ತ ಬಂದಿದ್ದೇವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿಗೆ ಆ ಹೆಸರು ಸಹಜವೇ. ಆದರೆ ಇಲ್ಲಿಯ ಹವಾಮಾನ ವೀಕ್ಷಣಾಲಯದ ಉಷ್ಣಮಾಪಕವು 2016ರ ಏಪ್ರಿಲ್ 24ರಂದು 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. 2024ರ ಏಪ್ರಿಲ್ 28ರಂದು 38.5ಕ್ಕೆ.

ಬಯಲುನಾಡಿನಲ್ಲಿ ಬಿಸಿಗಾಳಿಯೆಂದು ಸಾರಬೇಕಾದರೆ ಗರಿಷ್ಠ ಉಷ್ಣತೆ ಕನಿಷ್ಠಪಕ್ಷ 40 ಡಿಗ್ರಿ ಮುಟ್ಟಬೇಕೆಂಬುದು ಭಾರತೀಯ ಹವಾಮಾನ ಇಲಾಖೆಯ ಅಳತೆ. ಈ ಅಳತೆಗೆ ಮೇಲಿನ ಎರಡು ದಿನಗಳೂ ನಿಲುಕುವುದಿಲ್ಲ. ಅಷ್ಟರಿಂದ ಅಪಾಯವಿರಲಿಲ್ಲವೆಂದು ಹೇಳಬಹುದೆ?

ವೀಕ್ಷಣಾಲಯದ ಉಷ್ಣಮಾಪಕವಿರುವುದು ಗಾಳಿಯಾಡುವ ಬಿಳಿಯ ಪೆಟ್ಟಿಗೆಯ ನೆರಳಿನಲ್ಲಿ. ಪೀಣ್ಯದ ಎರಕದ ಕುಲುಮೆಯ ಮುಂದೆ ನಿಂತವನಿಗಾಗಲಿ, ವೈಟ್‌ಫೀಲ್ಡಿನಲ್ಲಿ ಕಟ್ಟಡ ಕಟ್ಟಿ ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗುವವಳಿಗಾಗಲಿ ಆ ಗಾಳಿ, ಆ ನೆರಳು ದಕ್ಕುವುದಿಲ್ಲ. ಬೆವರು ಆರಿದರೆ ಮೈ ತಣಿಯುತ್ತದೆ. ಗಾಳಿಯಿಲ್ಲದ ತೇವದ ಸೆಕೆಯಲ್ಲಿ ಬೆವರು ಹರಿಯುವುದೇ ಹೊರತು ಆರದು. ದೇಹದೊಳಗಿನ ಶಾಖ 40 ಡಿಗ್ರಿ ದಾಟಿ ಪ್ರಜ್ಞೆ ಮಸುಳಿದರೆ ಅದು ಶಾಖಾಘಾತ. ತಡಮಾಡದೆ ಮೈ ತಣಿಸದಿದ್ದರೆ ಪ್ರಾಣಕ್ಕೇ ಸಂಚಕಾರ. ಅನೇಕರ ವಿಷಯದಲ್ಲಿ ಅಷ್ಟು ಸ್ಪಷ್ಟವಾದ ಗುರುತೂ ಇರುವುದಿಲ್ಲ. ಮೊದಲೇ ದಣಿದಿದ್ದ ಹೃದಯವೋ ಮೂತ್ರಪಿಂಡವೋ ಸೆಕೆಗೆ ಸೋಲುತ್ತದೆ. ಆಗ ಮರಣಪತ್ರದಲ್ಲಿ ಹೃದ್ರೋಗದ ಹೆಸರು ಬರುತ್ತದೆ, ಬಿಸಿಲಿನ ಹೆಸರು ಬರುವುದಿಲ್ಲ.

ಈ ಮರೆಯಾದ ಲೆಕ್ಕವನ್ನು ತೆಗೆಯುವ ಬಗೆಯನ್ನು ಅಹಮದಾಬಾದಿನಲ್ಲಿ ಕಾಣಬಹುದು. ಅಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯನ್ನು ಕುರಿತು ಅಧ್ಯಯನ ನಡೆಸಿದವರು, ಕಾರಣ ಯಾವುದೇ ಇರಲಿ, ಆ ತಿಂಗಳ ಎಲ್ಲ ಸಾವುಗಳನ್ನೂ ಎಣಿಸಿದರು. 2009 ಮತ್ತು 2011ರ ಮೇ ತಿಂಗಳುಗಳೊಡನೆ ಹೋಲಿಸಿದರು. ಹೆಚ್ಚಿಗೆ ಕಂಡ ಸಾವುಗಳು 1,344. ಆ ನಗರ 2013ರಲ್ಲಿ ಬಿಸಿಗಾಳಿಯ ಕಾರ್ಯಯೋಜನೆಯನ್ನು ಜಾರಿಗೆ ತಂದಿತು.

ನಮ್ಮ ಕೈಗಾರಿಕಾ ವಲಯಗಳಿಗೂ ಇಂಥ ಎಣಿಕೆ ಬೇಕು. ಬೇಸಗೆಯಲ್ಲಿ ದಿನದಿನದ ಸಾವುಗಳನ್ನೂ ಆಸ್ಪತ್ರೆಗೆ ತುರ್ತಾಗಿ ಬಂದವರನ್ನೂ ಆಯಾ ದಿನದ ಉಷ್ಣತೆ ಮತ್ತು ತೇವಾಂಶಗಳ ಪಕ್ಕದಲ್ಲಿ ಬರೆದಿಡಬೇಕು. ರೋಗಿಯ ಚೀಟಿಯಲ್ಲಿ ಎರಡು ಪ್ರಶ್ನೆಗಳು ಸೇರಬೇಕು: ಕೆಲಸ ಎಲ್ಲಿ? ಮಲಗುವುದು ಎಲ್ಲಿ? ಈ ಉತ್ತರಗಳಿಲ್ಲದೆ ಕುಡಿಯುವ ನೀರನ್ನು ಎಲ್ಲಿಡಬೇಕು, ಯಾವ ಪಾಳಿಯ ಹೊತ್ತನ್ನು ಬದಲಿಸಬೇಕು ಎಂಬುದು ತಿಳಿಯದು.

ಬೇಸಗೆ ಬಂತೆಂದರೆ ನಮ್ಮ ಹಳ್ಳಿಗಳ ದಾರಿಬದಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಅದನ್ನು ಇಟ್ಟವರಿಗೆ ದಾರಿಹೋಕ ಎಲ್ಲಿ ಬಳಲುತ್ತಾನೆಂಬುದು ಗೊತ್ತಿತ್ತು. ಪೀಣ್ಯದ ದಾರಿಯಲ್ಲಿ ಅದನ್ನು ನಾವಿನ್ನೂ ತಿಳಿದುಕೊಳ್ಳಬೇಕಾಗಿದೆ.